ಎಂಜಲೆಲೆ ಮಿಷನ್ನು

ಊಟ ಮಾಡಿದವರು ಎಲೆ ಮಡಚಿ ಎದ್ದರೆ ಅವರ ಪಾಲಿಗೆ ಊಟ ಮುಗಿಯಿತು. ಕೈ ತೊಳೆದು, ಬೀಡಾ ಹಾಕಿಕೊಂಡು, ತಾಂಬೂಲದ ಚೀಲದೊಳಗಿನ ತೆಂಗಿನಕಾಯಿ ಎಷ್ಟು ದಪ್ಪ ಇದೆ ಅಂತ ಹೊರಗಿನಿಂದಲೇ ಒಂದು ಸಲ ಅಮುಕಿ ನೋಡಿ ಹೊರಟುಬಿಡುತ್ತಾರೆ. ಆ ಎಲೆ ಆಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ನಾನೂ ಐವತ್ತು ವರ್ಷ ಕೇಳಿರಲಿಲ್ಲ. ಕೇಳದೆ ಇದ್ದ ತಪ್ಪಿಗೋ ಏನೋ, ದೇವರು ನನ್ನನ್ನು ಕ್ಯಾತ್ಸಂದ್ರದ ಒಂದು ಕಲ್ಯಾಣ ಮಂಟಪಕ್ಕೆ ಮ್ಯಾನೇಜರ್ ಮಾಡಿ ಕೂರಿಸಿದ. ಮ್ಯಾನೇಜರ್ ಅಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಮದುಮಗನ ಶೂ ಕಳೆದರೂ ನಾನೇ, ಸಾರಿಗೆ ಉಪ್ಪು ಜಾಸ್ತಿಯಾದರೂ ನಾನೇ, ನಲ್ಲಿಯಲ್ಲಿ ನೀರು ನಿಂತರೂ ನಾನೇ. ಏಳು ವರ್ಷದಿಂದ ವಾರಕ್ಕೆ ಮೂರು ಮದುವೆ ನೋಡಿ ನೋಡಿ ನನಗೆ ಮದುವೆ ಅಂದರೆ ಮೊಣಕಾಲು ನೋಯುತ್ತದೆ. ಈಗ ಹೇಳಹೊರಟಿರುವುದು ಆ ನೋವಿನ ಕಥೆಯಲ್ಲ. ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ತಪ್ಪು ನನ್ನದು, ಅದಕ್ಕೆ ಕೆಲಸ ಕಳೆದುಕೊಳ್ಳುವುದರಲ್ಲಿದ್ದವಳು ಮಾತ್ರ ಇನ್ನೊಬ್ಬಳು.

ಮೊದಲೆಲ್ಲ ಎಂಜಲೆಲೆಗಳನ್ನು ಮಂಟಪದ ಹಿಂದಿನ ಖಾಲಿ ಸೈಟಿಗೆ ಸುರಿಯುತ್ತಿದ್ದರು. ಊರಿನ ಹಸುಗಳಿಗೆಲ್ಲ ನಮ್ಮ ಮುಹೂರ್ತದ ಪಟ್ಟಿ ನನಗಿಂತ ಚೆನ್ನಾಗಿ ಗೊತ್ತಿತ್ತು. ಕ್ರಮೇಣ ಆ ಸೈಟಿನವರು ಮನೆ ಕಟ್ಟಿಕೊಂಡರು. ಕಸದ ಲಾರಿಯವನು “ಮನೆಮನೆ ಕಸಕ್ಕೇ ಜಾಗ ಇಲ್ಲ ಸಾರ್, ನಿಮ್ ಮದ್ವೆ ಕಸ ನೀವೇ ನೋಡ್ಕಳಿ” ಅಂದ. ಆಗ ನಮ್ಮ ಮಂಟಪದ ಕಮಿಟಿಯ ಅಧ್ಯಕ್ಷರು, ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು, ಯಾವುದೋ ಊರಿನಲ್ಲಿ ಒಂದು ಗ್ಯಾಸ್ ಟ್ಯಾಂಕಿ ನೋಡಿ ಬಂದರು. ಎಲೆ, ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲ ಅದರೊಳಗೆ ಹಾಕಿದರೆ ಗ್ಯಾಸು ಬರುತ್ತದೆ, ಆ ಗ್ಯಾಸಿನಲ್ಲಿ ಕಾಫಿ ಕಾಯಿಸಬಹುದು. ಕೇಳಲು ಏನು ಚೆಂದ! ಟ್ಯಾಂಕಿ ಕೂರಿಸಿದೆವು, ಅಧ್ಯಕ್ಷರು ಪೂಜೆ ಮಾಡಿ ಮೊದಲ ಬುಟ್ಟಿ ಎಲೆಯನ್ನು ತಮ್ಮ ಕೈಯಾರೆ ಹಾಕಿದರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಇಪ್ಪತ್ತು ದಿನ ಕಳೆದರೂ ಒಂದು ಲೋಟ ಕಾಫಿ ಕಾಯುವಷ್ಟು ಗ್ಯಾಸು ಬರಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಎಲೆಗಳು ನೀರಿನ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದವು. ಟ್ಯಾಂಕಿ ಕೂರಿಸಿದವನನ್ನು ಕರೆಸಿ ಕೇಳಿದರೆ ಅವನು ನಗುತ್ತಾ, “ಒಳಗಿರೋ ಹುಳಕ್ಕೆ ಹಲ್ಲಿಲ್ಲ ಸಾರ್. ನೀವು ನುಣ್ಣಗೆ ಪುಡಿ ಮಾಡಿ ಕೊಟ್ರೆ ಅದು ಗ್ಯಾಸ್ ಕೊಡುತ್ತೆ” ಅಂದ. ನಮ್ಮ ಡಾಕ್ಟರು, ಸರಿಯಾಗಿ ಅಗಿಯದೆ ನುಂಗಿದರೆ ಗ್ಯಾಸ್ ಆಗುತ್ತದೆ ಅಂತ ನನಗೆ ಬುದ್ಧಿ ಹೇಳಿದ್ದರು. ಟ್ಯಾಂಕಿಯ ಆರೋಗ್ಯಶಾಸ್ತ್ರವೇ ಬೇರೆ ಇರಬೇಕು ಅಂತ ಸುಮ್ಮನಾದೆ.

ಸರಿ, ಮಿಷನ್ನು ಬಂತು. ಅಧ್ಯಕ್ಷರು ತಂದದ್ದು ತೋಟದಲ್ಲಿ ತೆಂಗಿನ ಗರಿ ಪುಡಿ ಮಾಡುವ ಮಿಷನ್ನು. “ಮಟ್ಟೆನೇ ಪುಡಿ ಮಾಡ್ತದೆ ಕಣ್ರೀ, ಬಾಳೆ ಎಲೆ ಯಾವ ಲೆಕ್ಕ?” ಅಂದರು. ನನಗೂ ಹಾಗೇ ಅನಿಸಿತು. ಆದರೆ ಬಾಳೆ ಎಲೆಯಷ್ಟು ಮೆತ್ತಗೆ ಇದ್ದುಕೊಂಡು ಕಾಟ ಕೊಡುವ ಜಾತಿ ಇನ್ನೊಂದಿಲ್ಲ. ತೆಂಗಿನ ಮಟ್ಟೆಯನ್ನು ಬಾಯಿಗೆ ಕೊಟ್ಟರೆ ಅದು ಗಲಾಟೆ ಮಾಡಿದರೂ ಮುರಿಯುತ್ತದೆ. ಬಾಳೆ ಎಲೆ ಹಾಗಲ್ಲ. ಹಸಿರು ಭಾಗವೆಲ್ಲ ವಿನಯವಾಗಿ ಪುಡಿಯಾಗುತ್ತದೆ. ನಡುವಿನ ದಂಟು ಮಾತ್ರ ನಾರುನಾರಾಗಿ ಬಿಟ್ಟುಕೊಂಡು, ಒಳಗೆ ತಿರುಗುವ ಕಂಬಿಗೆ ಸುತ್ತಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಕಂಬಿಗೆ ಯಾರೋ ಜಡೆ ಹೆಣೆದ ಹಾಗೆ ಆಗಿ, ಮಿಷನ್ನು ‘ಗುಂಯ್’ ಅಂತ ಒಂದು ಸಲ ನರಳಿ ನಿಂತುಬಿಡುತ್ತದೆ. ಅಂತರಸನಹಳ್ಳಿಯ ವರ್ಕ್‌ಶಾಪಿನಿಂದ ಮೆಕ್ಯಾನಿಕ್ ನಯಾಜ್ ಬರಬೇಕು, ಚಾಕು ಹಿಡಿದು ಕೂತು ಆ ಜಡೆ ಕತ್ತರಿಸಬೇಕು. ಅವನು ಎಷ್ಟು ಸಲ ಬಂದಿದ್ದಾನೆ ಅಂದರೆ, ನಮ್ಮಲ್ಲಿ ಮದುವೆಯಾದ ಎಷ್ಟೋ ಜೋಡಿಗಳ ಫೋಟೋದಲ್ಲಿ ಹಿಂದುಗಡೆ ಅವನೂ ಇದ್ದಾನೆ.

ನಯಾಜ್ ಜೊತೆ ತಲೆ ಕೆಡಿಸಿಕೊಂಡು ಕೊನೆಗೆ ಒಂದು ಕ್ರಮ ಮಾಡಿದೆ. ಎಲೆಯನ್ನು ಒಂದೊಂದಾಗಿ ಬಿಡಿಸಬೇಕು. ಒಳಗೆ ಉಳಿದದ್ದನ್ನು ಒಂದು ಡಬ್ಬಕ್ಕೆ ಕೆರೆದು ಹಾಕಬೇಕು. ನೀರಿನ ಬಾಟಲಿ, ಐಸ್‌ಕ್ರೀಮಿನ ಕಪ್ಪು, ಹಲ್ಲುಕಡ್ಡಿ ಎಲ್ಲ ಆರಿಸಬೇಕು. ದಂಟನ್ನು ಕುಡುಗೋಲಿನಲ್ಲಿ ಎರಡು ಕಡೆ ಕಚ್ಚು ಮಾಡಬೇಕು. ಆಮೇಲೆ ನಾಲ್ಕು ನಾಲ್ಕು ಎಲೆ, ನಡುನಡುವೆ ಒಂದು ಹಿಡಿ ಒಣಗಿದ ಗರಿಯ ಚೂರು. ಹೀಗೆ ಮಾಡಿದರೆ ಮಿಷನ್ನು ತಕರಾರಿಲ್ಲದೆ ಓಡುತ್ತಿತ್ತು, ಟ್ಯಾಂಕಿಯೂ ಗ್ಯಾಸು ಕೊಡಲು ಶುರು ಮಾಡಿತು. ಆ ಗ್ಯಾಸಿನಲ್ಲಿ ಕಾಯಿಸಿದ ಮೊದಲ ಕಾಫಿಯನ್ನು ಅಧ್ಯಕ್ಷರಿಗೆ ಕೊಟ್ಟೆವು. ಅವರು ಅರ್ಧ ಕುಡಿದು ಲೋಟ ಕೆಳಗಿಟ್ಟರು.

ಈ ಕ್ರಮ ಮಾಡಿದವನು ನಾನು, ಅದನ್ನು ನಡೆಸುತ್ತಿದ್ದವಳು ಪುಟ್ಟಮ್ಮ. ಹೆಬ್ಬೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ನಲವತ್ತೈದರ ಆಸುಪಾಸು. ಗಂಡ ಗಾರೆ ಕೆಲಸದವನು, ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲಿದ್ದಾನೆ; ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಮೂರೂ ಜನರ ಜೀವನ ಈ ಎಲೆಗಳ ಮೇಲೆ ನಿಂತಿದೆ. ಪಂಕ್ತಿ ಎದ್ದ ಮೇಲೆ ಸಾಲುಸಾಲಾಗಿ ಎಲೆ ಎತ್ತಿ ಬುಟ್ಟಿಗೆ ಹಾಕಿಕೊಂಡು ಹಿಂದಕ್ಕೆ ಒಯ್ದು, ಕೈಗೆ ಗ್ಲೌಸು ಹಾಕಿ, ಸೆರಗು ಬಿಗಿದು ಕೂತರೆ ಅವಳದು ಬೇರೆಯೇ ಲೋಕ. ಎಲೆ ಬಿಡಿಸುತ್ತಾ ಬಿಡಿಸುತ್ತಾ ಮನುಷ್ಯರನ್ನು ಓದುತ್ತಾಳೆ. “ಇದು ನೋಡಿ ಸಾ, ಸಕ್ಕರೆ ಕಾಯ್ಲೆಯೋರು. ಜಾಮೂನು ಮುಟ್ಟಿಲ್ಲ, ಹೋಳ್ಗೆ ಮಾತ್ರ ಮೂರು ಹೊಡ್ದವ್ರೆ, ತುಪ್ಪದ ವಾಸ್ನೆ ನೋಡಿ.” “ಇದು ಬೀಗರ ಕಡೆಯೋರು, ಎಲ್ಲಾನೂ ಒಂದೊಂದ್ ಸಲ ಮುಟ್ಟಿ ಬಿಟ್ಟವ್ರೆ, ತಪ್ಪು ಹುಡುಕಕ್ಕೆ.” ಮಡಚುವುದರಲ್ಲೂ ಅವಳಿಗೆ ಗುರುತಿತ್ತು. ಒಬ್ಬರು ಅರ್ಧಕ್ಕೆ ಮಡಚುತ್ತಾರೆ, ಇನ್ನೊಬ್ಬರು ಎಲೆಯ ಮೂಲೆ ಒಳಕ್ಕೆ ಸೇರಿಸಿ ಪೊಟ್ಟಣ ಕಟ್ಟುತ್ತಾರೆ. ನಮ್ಮ ಅಧ್ಯಕ್ಷರು ಮಾತ್ರ ಇಸ್ತ್ರಿ ಮಾಡಿದ ಶಲ್ಯದ ಹಾಗೆ ನಾಲ್ಕು ಮಡಿಕೆ ಮಾಡುತ್ತಾರೆ. ಒಂದು ಸಲ ಆ ನಾಲ್ಕು ಮಡಿಕೆಯ ಎಲೆ ಅವಳ ಕೈಯಲ್ಲಿದ್ದಾಗ ನಾನು ಬಗ್ಗಿ, “ಏನಿದೆ ಪುಟ್ಟಮ್ಮ?” ಅಂತ ಕೇಳಿದೆ. ಅವಳು ಎಲೆಯನ್ನು ಆ ಕಡೆ ತಿರುಗಿಸಿಕೊಂಡು, “ಯಾರ್ದು ಅಂತ ಗೊತ್ತಾದ್ಮೇಲೆ ಒಳಗಿಂದು ಹೇಳ್ಬಾರ್ದು ಸಾ” ಅಂದಳು. ನನಗೆ ನಾಚಿಕೆಯಾಯಿತು. ಆದರೂ ಇಣುಕಿದ್ದೆ, ಕಾಣಲಿಲ್ಲ.

ಇಷ್ಟಕ್ಕೂ ಒಳಗೆ ಏನಿದ್ದರೇನು ಅಂತ ನೀವು ಕೇಳಬಹುದು. ಬೇರೆ ಊರಿನಲ್ಲಾದರೆ ಏನೂ ಇಲ್ಲ. ನಮ್ಮದು ಮಠಗಳ ಸೀಮೆ. ಇಲ್ಲಿ ಅನ್ನಕ್ಕೆ ಅನ್ನ ಅನ್ನುವುದಿಲ್ಲ, ಪ್ರಸಾದ ಅನ್ನುತ್ತಾರೆ. ಒಂದು ಅಗುಳು ಬಿಟ್ಟರೂ ಪಕ್ಕದ ಹಿರಿಯರು ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ. ಹಳಬರು ಎಲೆಯನ್ನು ಬೆರಳಿನಲ್ಲಿ ಒರೆಸಿ ಒರೆಸಿ, ತೊಳೆದ ಹಾಗೆ ಮಾಡಿ ಏಳುತ್ತಿದ್ದರು. ನಮ್ಮ ತಾತ ಎದ್ದ ಎಲೆಯಲ್ಲಿ ಇನ್ನೊಬ್ಬರಿಗೆ ಬಡಿಸಬಹುದಿತ್ತು. ಈಗ ಇಪ್ಪತ್ತೆರಡು ಐಟಮ್ಮು ಬಡಿಸಿದರೆ ಯಾರ ಹೊಟ್ಟೆಗೆ ಹಿಡಿಯುತ್ತದೆ? ಬಿಡಲೇಬೇಕು. ಬಿಟ್ಟದ್ದು ಕಾಣಬಾರದು. ಅದಕ್ಕೇ ಎಲೆ ಮಡಚುವುದು. ನಮ್ಮ ಮಂಟಪದಲ್ಲಿ ಇದು ಇನ್ನಷ್ಟು ಕಷ್ಟ, ಯಾಕೆಂದರೆ ಪ್ರತಿ ಪಂಕ್ತಿಗೆ ಮುಂಚೆ ಅಧ್ಯಕ್ಷರು ಮೈಕ್ ಹಿಡಿದು, “ಪ್ರಸಾದ ಬಿಡೋದು ಮಹಾಪಾಪ. ಬೇಕಾದಷ್ಟು ಹಾಕಿಸ್ಕೊಳಿ, ಹಾಕಿಸ್ಕೊಂಡದ್ದು ಮುಗಿಸಿ” ಅಂತ ಐದು ನಿಮಿಷ ಹೇಳುತ್ತಾರೆ. ಸಾರು ಆರುತ್ತಿರುತ್ತದೆ. ಗೋಡೆಯ ಮೇಲೆ ‘ಅನ್ನ ಬಿಡಬೇಡಿ’ ಅಂತ ಬೋರ್ಡೂ ಇದೆ. ಅದರ ಅಕ್ಷರ ನನ್ನದು. ವಾರಕ್ಕೆ ಮೂರು ದಿನ ಮದುವೆ ಊಟ ತಿಂದು ನಾಲಿಗೆ ಜಡ್ಡುಗಟ್ಟಿದ ನಾನು, ಆ ಬೋರ್ಡಿನ ಕೆಳಗೇ ಕೂತು ಅರ್ಧಕ್ಕರ್ಧ ಬಿಟ್ಟು, ಎಲೆ ಮಡಚಿ, ಏನೂ ಗೊತ್ತಿಲ್ಲದವನ ಹಾಗೆ ಎದ್ದು ಬರುತ್ತೇನೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಕುಣಿಗಲ್ಲಿನ ಹೆಣ್ಣು, ಗುಬ್ಬಿ ಕಡೆಯ ಗಂಡು. ಗಂಡಿನ ಮನೆಯವರು ಅಧ್ಯಕ್ಷರಿಗೆ ನೆಂಟರು, ಹಾಗಾಗಿ ಅವರು ಬೆಳಗಿನಿಂದಲೇ ಮಂಟಪದಲ್ಲಿ ಓಡಾಡುತ್ತಿದ್ದರು. ಐದು ಪಂಕ್ತಿ ಊಟ. ಸಂಜೆ ಅದೇ ಹಾಲಿನಲ್ಲಿ ಇನ್ನೊಂದು ಮನೆಯವರ ಆರತಕ್ಷತೆ. ಅವರ ಹೂವಿನವನು ಮೂರು ಗಂಟೆಗೇ ಏಣಿ ತಂದು ಬಾಗಿಲಲ್ಲಿ ನಿಲ್ಲಿಸಿಕೊಂಡು ನನ್ನ ಮುಖ ನೋಡುತ್ತಿದ್ದ. ಹಿಂದೆ ಹೋಗಿ ನೋಡಿದರೆ ಎಲೆಯ ರಾಶಿ ನನ್ನ ಎದೆಮಟ್ಟ. ಪುಟ್ಟಮ್ಮ ಒಂದೊಂದಾಗಿ ಬಿಡಿಸುತ್ತಾ ಕೂತಿದ್ದಾಳೆ. ಬೆಳಗ್ಗೆ ಐದಕ್ಕೆ ಎದ್ದವನು ನಾನು. ಕಾಲು ಊದಿಕೊಂಡು ಚಪ್ಪಲಿ ಬಿಗಿಯಾಗಿತ್ತು. “ಹಿಂಗೆ ಬಿಡಿಸ್ತಾ ಕೂತರೆ ನಾಳೆ ಬೆಳಗ್ಗೆ ಆಗುತ್ತೆ. ಬಿಡಿಸೋದೆಲ್ಲ ಬೇಡ, ಮಡಚಿದ್ದು ಮಡಚಿದ ಹಾಗೇ ತುಂಬು” ಅಂದೆ.

“ಒಳಗೆ ಏನೇನಿರ್ತದೋ ಸಾ. ಮಿಷನ್ನು ಹಾಳಾಯ್ತದೆ.”

“ಹಾಳಾದ್ರೆ ನಯಾಜ್ ಬರ್ತಾನೆ. ಹೇಳಿದಷ್ಟು ಮಾಡು.”

ಅವಳು ಒಂದು ಕ್ಷಣ ನನ್ನನ್ನು ನೋಡಿ, ಎದ್ದು ಸ್ವಿಚ್ ಹಾಕಿದಳು. ಎರಡು ಪಂಕ್ತಿಯಷ್ಟು ಎಲೆಗಳು ಮಡಚಿದ ಹಾಗೇ ಒಳಗೆ ಹೋದವು. ಏನು ವೇಗ! ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಇನ್ನೇನು ಅಲ್ಲಿಂದ ಹೊರಡಬೇಕು, ಒಳಗಿನಿಂದ ‘ಕಟಕಟಕಟ’ ಅಂತ ಸದ್ದು ಬಂತು. ಪುಟ್ಟಮ್ಮ ಸ್ವಿಚ್ ಆರಿಸಿದಳು. “ಕಲ್ಲಿರಬೇಕು” ಅಂದೆ. ಅನ್ನಕ್ಕೆ ಅಷ್ಟು ದೊಡ್ಡ ಕಲ್ಲು ಎಲ್ಲಿಂದ ಬರಬೇಕು ಅಂತ ಅವಳೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಅದೇ ಹೊತ್ತಿಗೆ ಹಾಲಿನಲ್ಲಿ ಗಲಾಟೆ. ಹೋಗಿ ನೋಡಿದರೆ ಹೆಣ್ಣಿನ ತಾತ ಬಾಯಿಗೆ ಶಲ್ಯ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದಾರೆ, ಸುತ್ತ ಇಪ್ಪತ್ತು ಜನ. ತಾತನ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಕಾಣಿಸುತ್ತಿಲ್ಲ. ವಿಷಯ ಇಷ್ಟು: ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾರೆ. ಹೋಳಿಗೆಗೆ ತುಪ್ಪ ಹಾಲು ಹಾಕಿ ಕಲಸಿಕೊಂಡ ಮೇಲೆ ಹಲ್ಲಿನ ಹಂಗೇಕೆ ಅಂತ ಸೆಟ್ಟನ್ನು ತೆಗೆದು ಎಲೆಯ ತುದಿಯಲ್ಲಿ, ಉಪ್ಪಿನ ಪಕ್ಕ ಇಟ್ಟಿದ್ದಾರೆ. ಅಷ್ಟರಲ್ಲಿ ಮೊಮ್ಮಗಳು ಫೋಟೋಕ್ಕೆ ಕರೆದಿದ್ದಾಳೆ. ಎಪ್ಪತ್ತು ವರ್ಷದ ಅಭ್ಯಾಸ. ಕೈ ತಾನಾಗಿ ಎಲೆ ಮಡಚಿದೆ, ತಾತ ಎದ್ದು ಹೋಗಿದ್ದಾರೆ. ಫೋಟೋ ತೆಗೆಯುವವನು “ತಾತ, ನಗಿ” ಅಂದಾಗಲೇ ಅವರಿಗೆ ಗೊತ್ತಾದದ್ದು. ಪಾಪ, ಗೊತ್ತಾದ ಮೇಲೂ ಅವಮಾನಕ್ಕೆ ಅಂಜಿ ಎರಡು ಮೂರು ಗಂಟೆ ಬಾಯಿ ಮುಚ್ಚಿಕೊಂಡು ಕೂತಿದ್ದರಂತೆ.

“ಎಲೆಗಳೆಲ್ಲಿ?” ಅಂತ ಅಧ್ಯಕ್ಷರು ಗುಡುಗಿದರು. ಇಡೀ ದಿಬ್ಬಣ ಮಂಟಪದ ಹಿಂದಕ್ಕೆ ಬಂತು. ಮಿಷನ್ನಿನ ಪಕ್ಕ ಪುಟ್ಟಮ್ಮ ನಿಂತಿದ್ದಳು. ಒಂದು ಕಡೆ ಹಸಿರು ಪುಡಿ, ಇನ್ನೊಂದು ಕಡೆ ಉಳಿದ ರಾಶಿ. ಅಧ್ಯಕ್ಷರು ರಾಶಿ ನೋಡಿದರು, ಎಲ್ಲ ಮಡಚಿದ ಎಲೆಗಳು. “ಬಿಡಿಸಿ ಹಾಕಬೇಕು ಅಂತ ರೂಲ್ಸು ಇಲ್ವೇನ್ರೀ ಮ್ಯಾನೇಜ್ರೇ?” ಅಂದರು.

“ಇದೆ ಸಾರ್” ಅಂದೆ.

“ಮತ್ತೆ ಇವಳು ಮಡಚಿದ್ದನ್ನೇ ತುಂಬ್ತಾ ಇದಾಳೆ! ಹಿರಿಯರ ಹಲ್ಲು ಹೋಯ್ತಲ್ಲಮ್ಮ! ಕುಣಿಗಲ್ಲಿನೋರ ಮುಂದೆ ನಮ್ಮ ಮರ್ಯಾದೆ ಏನಾಯ್ತು? ನಾಳೆಯಿಂದ ನೀನು ಬರೋದು ಬೇಡ.”

ಪುಟ್ಟಮ್ಮ ನನ್ನ ಕಡೆ ನೋಡಿದಳು. ಬೈಯುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಈಗ ಇವರು ಹೇಳುತ್ತಾರೆ ಅಂತ ಕಾಯುವ ನೋಟ. ನಾನು ಹೇಳಬೇಕಿದ್ದದ್ದು ಎರಡೇ ಮಾತು: ‘ನಾನೇ ಹೇಳಿದ್ದು.’ ಬಾಯಿ ತೆರೆದೆ. ನನ್ನ ಬಾಯಲ್ಲಿ ಎಲ್ಲ ಹಲ್ಲೂ ಇದ್ದವು, ಮಾತು ಮಾತ್ರ ಹೊರಡಲಿಲ್ಲ. ಇನ್ನೂ ಒಂದು ವರ್ಷ ಕೆಲಸ ಮಾಡಬೇಕು, ಈ ವಯಸ್ಸಿನಲ್ಲಿ ಬೇರೆ ಯಾರು ಇಟ್ಟುಕೊಳ್ಳುತ್ತಾರೆ, ಅವಳಿಗಾದರೆ ಎಲ್ಲಾದರೂ ಕೆಲಸ ಸಿಗುತ್ತದೆ ಅಂತೆಲ್ಲ ತಲೆಯೊಳಗೆ ಏನೇನೋ ಓಡಿತು. ಥೂ, ಈಗ ನೆನೆಸಿಕೊಂಡರೂ ಮೈ ಮುದುಡುತ್ತದೆ. ನಾನು ಕೆಮ್ಮಿ, ಗುಂಪಿನ ಹಿಂದೆ ಏಣಿ ಹಿಡಿದೇ ಬಂದು ನಿಂತಿದ್ದ ಹೂವಿನವನನ್ನು ನೋಡಿದೆ.

ಆಗ ಹೆಣ್ಣಿನ ಸೋದರಮಾವ, ದಪ್ಪ ಮೀಸೆಯ ಮನುಷ್ಯ, ಮುಂದೆ ಬಂದು, “ಇನ್ನೂ ಅರ್ಧ ರಾಶಿ ಐತಲ್ಲ. ಇದ್ರಲ್ಲೇ ಇರ್ಬೋದು. ಬಿಡಿಸಿ ನೋಡ್ರಿ” ಅಂದ. ಬದುಕಿದೆ ಅಂದುಕೊಂಡೆ. ಹಲ್ಲು ಆ ರಾಶಿಯಲ್ಲಿ ಸಿಕ್ಕಿಬಿಟ್ಟರೆ ತಪ್ಪು ಯಾರದು ಅನ್ನುವ ಮಾತೇ ಏಳುವುದಿಲ್ಲ. ಪ್ಯಾಂಟು ಮಡಚಿಕೊಂಡು, ಗ್ಲೌಸೂ ಇಲ್ಲದೆ, ಮೇಲಿನ ಎಲೆಯೊಂದನ್ನು ಎತ್ತಿ ಎಲ್ಲರ ಮುಂದೆ ಬಿಡಿಸಿದೆ. ಎರಡು ಹೋಳಿಗೆ, ಕಚ್ಚಿಲ್ಲ. ಪಕ್ಕದಲ್ಲಿ ಒಂದು ಗುಡ್ಡೆ ಪುಳಿಯೋಗರೆ.

“ಛೆ ಛೆ, ಯಾರಪ್ಪ ಇದು, ಪ್ರಸಾದ ಹಿಂಗೆ ಬಿಟ್ಟಿರೋರು?” ಅಂತ ಒಬ್ಬರು ಲೊಚಗುಟ್ಟಿದರು. ಎರಡನೇದು ಬಿಡಿಸಿದೆ. ಜಾಮೂನು, ಬೋಂಡ, ಮಜ್ಜಿಗೆ ಅನ್ನ ಪೂರ್ತಿ. ಈ ಸಲ ಯಾರೂ ಲೊಚಗುಟ್ಟಲಿಲ್ಲ. ಮೂರನೇದು ಪೊಟ್ಟಣದ ಥರ ಕಟ್ಟಿದ್ದು. ನಾನು ಅದಕ್ಕೆ ಕೈ ಹಾಕುತ್ತಿದ್ದ ಹಾಗೆ ನನ್ನ ಎಡಗಡೆ ನಿಂತಿದ್ದ ಬಿಳಿ ಪಂಚೆಯವರೊಬ್ಬರು ನಿಧಾನವಾಗಿ ಹಿಂದೆ ಸರಿದರು. ಆಗ ನನಗೆ ಅರ್ಥವಾಯಿತು. ಇಡೀ ಗುಂಪಿನ ಎಲೆಗಳು ಆ ರಾಶಿಯಲ್ಲಿದ್ದವು. ನನ್ನದೂ ಇತ್ತು.

“ನೋಡಿ, ಎಂಜಲು ಹಿಂಗೆ ಕೆದಕಬಾರದು, ಶಾಸ್ತ್ರದಲ್ಲಿ ಇಲ್ಲ” ಅಂದರು ಬಿಳಿ ಪಂಚೆಯವರು. “ಹೌದೌದು, ಮದುವೆ ಮನೇಲಿ ಅಪಶಕುನ” ಅಂತ ಇನ್ನೊಬ್ಬರು. “ಕ್ರಿಮಿ ಇರ್ತವೆ ಕಣ್ರೀ” ಅಂತ ಮೇಷ್ಟರೊಬ್ಬರು. ಎಲ್ಲರಿಗಿಂತ ಮೊದಲು ಬಿಡಿಸಿ ನೋಡಿ ಅಂದಿದ್ದ ಸೋದರಮಾವ, ಮೀಸೆ ಒರೆಸಿಕೊಳ್ಳುತ್ತಾ, “ಹಲ್ಲಿನದೇನು ಬುಡಿ, ಕುಣಿಗಲ್ಲಲ್ಲಿ ಒಳ್ಳೊಳ್ಳೆ ಡಾಕ್ಟ್ರವ್ರೆ” ಅಂದ. ಅಧ್ಯಕ್ಷರೂ ಗಂಟಲು ಸರಿಮಾಡಿಕೊಂಡು, “ಆಯ್ತು, ಆದದ್ದು ಆಯ್ತು. ನಡೀರಿ ಎಲ್ಲ ಒಳಗೆ, ಕಾಫಿ ಕೊಡಿಸ್ತೀನಿ” ಅಂದರು. ಗುಂಪು ತಿರುಗಿತು.

“ನಿಂತ್ಕಳಿ ಯಜಮಾನ್ರೇ” ಅಂದಳು ಪುಟ್ಟಮ್ಮ.

ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗ್ಲೌಸು ಎಳೆದು ಸರಿಮಾಡಿಕೊಂಡು, ಆ ರಾಶಿಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಳು. “ನನ್ ಮ್ಯಾಲೆ ಅಪವಾದ ಬಂದೈತೆ. ನಾನು ಹಿಂಗೇ ಹೋಗಕಿಲ್ಲ. ಒಂದೊಂದ್ ಎಲೆನೂ ಬಿಡ್ಸಿ ತೋರುಸ್ತೀನಿ, ಹಲ್ಲು ಸಿಕ್ಕದ್ರೆ ಸಿಕ್ಕಲಿ. ಸಾಲುಸಾಲಾಗಿ ಎತ್ತಿರೋಳು ನಾನು. ಯಾವ್ದು ಯಾರ್ದು ಅಂತ್ಲೂ ಹೇಳ್ತೀನಿ” ಅಂದಳು. ಹೇಳುತ್ತಾ ರಾಶಿಯೊಳಗೆ ಕೈ ಹಾಕಿ ಒಂದು ಎಲೆ ತೆಗೆದಳು. ಅಂಚಿಗೆ ಅಂಚು ಕೂಡಿಸಿ, ನೀಟಾಗಿ ನಾಲ್ಕು ಮಡಿಕೆ ಮಾಡಿದ ಎಲೆ.

ಅಧ್ಯಕ್ಷರು ಆ ಎಲೆ ನೋಡಿದರು. ಹೆಗಲ ಮೇಲಿನ ಶಲ್ಯದ ಮಡಿಕೆ ನೋಡಿಕೊಂಡರು ಅಂತ ಬರೆದರೆ ನೀವು ನಂಬುವುದಿಲ್ಲ, ಆದರೆ ಕೈ ಅಲ್ಲಿಗೆ ಹೋದದ್ದು ನಿಜ. ಕಣ್ಣು ಸಣ್ಣಗೆ ಮಾಡಿಕೊಂಡು, ಅವರಿಗೆ ಮೈಕ್ ಇಲ್ಲದೆ ಮಾತು ಬರುವುದೇ ಇಲ್ಲವೇನೋ ಅನ್ನುವ ಹಾಗೆ ನಿಂತರು. ಪುಟ್ಟಮ್ಮ ಬಿಡಿಸಲಿಲ್ಲ. ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು.

ತಾತನೇ ಮುಂದೆ ಬಂದರು. ಶಲ್ಯ ತೆಗೆದು, ಬೊಚ್ಚು ಬಾಯಿಯಲ್ಲೇ, “ಬ್ಯಾಡ ಕಣವ್ವ ತಾಯಿ. ನನ್ ಎಲೇಲೂ ಪಾಯ್ಸ ಐತೆ. ಅದು ನಂಗೆ ಸೇರಕಿಲ್ಲ. ಆ ಹಲ್ಲೂ ಸರಿ ಕೂರ್ತಿರ್ಲಿಲ್ಲ. ಇಟ್ಟೋನು ನಾನು, ಮಡ್ಚಿದೋನು ನಾನು. ನೀನ್ಯಾಕೆ ಅಳ್ತೀಯ?” ಅಂದರು. ಅವಳು ಅಳುತ್ತಿದ್ದದ್ದು ನನಗೆ ಅಲ್ಲಿಯವರೆಗೆ ಕಂಡಿರಲಿಲ್ಲ.

“ಹಂಗಾರೆ ನಾಳೀಕೆ ನಾನು ಬರ್ಲೋ ಬ್ಯಾಡ್ವೋ ಯಜಮಾನ್ರೇ?” ಅಂತ ಕಣ್ಣೊರೆಸಿಕೊಳ್ಳದೆ ಕೇಳಿದಳು.

“ಬಾರಮ್ಮ, ಬಾ. ಕೋಪದಲ್ಲಿ ಒಂದು ಮಾತು ಬಂತು. ಏಳು ಮೇಲೆ” ಅಂದರು ಅಧ್ಯಕ್ಷರು. ಅವಳು ಎದ್ದು, ನಾಲ್ಕು ಮಡಿಕೆಯ ಎಲೆಯನ್ನು ಮಡಚಿದ ಹಾಗೇ ರಾಶಿಯ ಮೇಲೆ ಮೆತ್ತಗೆ ಇಟ್ಟಳು. ತಾತನನ್ನು ಬಿಟ್ಟರೆ ಆ ಇಪ್ಪತ್ತು ಜನರಲ್ಲಿ ಒಬ್ಬರೂ ತಮ್ಮ ಎಲೆಯ ಬಗ್ಗೆ ಬಾಯಿ ಬಿಡಲಿಲ್ಲ. ನಾನಂತೂ ಕಾಫಿಯ ವ್ಯವಸ್ಥೆ ನೋಡಬೇಕು ಅಂತ ಎಲ್ಲರಿಗಿಂತ ಮುಂದೆ ಒಳಗೆ ಹೋದೆ.

ಸೋಮವಾರ ನಯಾಜ್ ಬಂದು ಮಿಷನ್ನಿನ ಮುಚ್ಚಳ ಬಿಚ್ಚಿದ. ಕಂಬಿಗೆ ಸುತ್ತಿದ್ದ ನಾರಿನ ಜಡೆ ಕತ್ತರಿಸುತ್ತಾ, “ಸಾರ್, ಇಲ್ಲಿ ನೋಡಿ” ಅಂದ. ನಾರಿನೊಳಗೆ ನಾಲ್ಕು ಹಲ್ಲು, ಗುಲಾಬಿ ಬಣ್ಣದ ಒಂದು ವಸಡಿನ ಚೂರು. ಅಲ್ಲಿಯವರೆಗೆ, ಹಲ್ಲು ಉಳಿದ ರಾಶಿಯಲ್ಲೇ ಇತ್ತೇನೋ, ನನ್ನ ಮಾತಿಗೂ ಅದಕ್ಕೂ ಸಂಬಂಧವೇ ಇಲ್ಲವೇನೋ ಅಂತ ಒಂದು ಆಸೆ ಇಟ್ಟುಕೊಂಡಿದ್ದೆ. ಅದೂ ಹೋಯಿತು. ರಾತ್ರಿಯೆಲ್ಲ ಹೆಂಡತಿಗೆ ಹೇಳಲೋ ಬೇಡವೋ ಅಂತ ಹೊರಳಾಡಿದವನು ಈಗ ಆ ಹಲ್ಲುಗಳನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ನೇರವಾಗಿ ಗುಬ್ಬಿ ಬಸ್ಸು ಹತ್ತಿದೆ. ಅಧ್ಯಕ್ಷರು ಅಂಗಡಿಯಲ್ಲಿ ಕೊಬ್ಬರಿ ಗಿಟುಕು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾ ಕೂತಿದ್ದರು. ಪೊಟ್ಟಣ ಮುಂದಿಟ್ಟು, “ಸಾರ್, ಪುಟ್ಟಮ್ಮನ ತಪ್ಪಿಲ್ಲ. ಮಡಚಿದ ಹಾಗೇ ತುಂಬು ಅಂತ ಹೇಳಿದವನು ನಾನು. ಅವಳು ಬೇಡ ಅಂದಳು. ನೀವು ಏನು ಮಾಡಿದರೂ ಸರಿ” ಅಂತ ಒಂದೇ ಉಸಿರಿನಲ್ಲಿ ಹೇಳಿದೆ.

ಅಧ್ಯಕ್ಷರು ಗಿಟುಕು ಕೆಳಗಿಟ್ಟರು. ಸುತ್ತ ನೋಡಿ, ದನಿ ತಗ್ಗಿಸಿ, “ನೀವು ಮಾಡಿದ್ದೇ ಸರಿ ಕಣ್ರೀ. ಇನ್ಮೇಲೆ ಹಂಗೇ ಹಾಕಿಸಿ. ಬಿಡಿಸೋದು ಯಾತಕ್ಕೆ, ಸುಮ್ನೆ ಟೈಮ್ ವೇಸ್ಟು” ಅಂದರು. ಒಂದು ಲೋಟ ಎಳನೀರೂ ಕೊಡಿಸಿದರು. ಶಿಕ್ಷೆ ಪಡೆಯಲು ಹೋದವನು ಶಹಬಾಸ್‌ಗಿರಿ ಪಡೆದು ಬಂದೆ. ಬಸ್ಸಿನಲ್ಲಿ ಬರುತ್ತಾ ಖುಷಿ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಮಂಟಪಕ್ಕೆ ಬಂದವನೇ ಪುಟ್ಟಮ್ಮನ ಹತ್ತಿರ ಹೋಗಿ, “ಗುಬ್ಬಿಗೆ ಹೋಗಿ ಎಲ್ಲಾ ಹೇಳಿಬಿಟ್ಟೆ ಪುಟ್ಟಮ್ಮ. ತಪ್ಪು ನಂದೇ ಅಂತ” ಅಂದೆ.

ಅವಳು ಕುಡುಗೋಲು ಮಸೆಯುವುದನ್ನು ನಿಲ್ಲಿಸಲಿಲ್ಲ. “ನೆನ್ನೆ ಹೇಳ್ಬೇಕಿತ್ತು ಸಾ” ಅಂದಳು. ಅಷ್ಟೇ.

ಅಧ್ಯಕ್ಷರ ಹೊಸ ಅಪ್ಪಣೆಯನ್ನು ಅವಳಿಗೆ ಹೇಳಿದೆ. ಅವಳು ಹೂಂ ಅಂದಳು, ಹಳೆಯ ಕ್ರಮವನ್ನೇ ನಡೆಸಿದಳು. ನಾನು ಕೇಳಲಿಲ್ಲ. ಈಗಲೂ ಒಂದೊಂದು ಎಲೆಯನ್ನೂ ಬಿಡಿಸುತ್ತಾಳೆ, ಮಿಷನ್ನು ಚೆನ್ನಾಗಿ ಓಡುತ್ತಿದೆ, ಟ್ಯಾಂಕಿಯ ಕಾಫಿಯೂ ಕುದಿಯುತ್ತಿದೆ. ಬದಲಾದದ್ದು ಒಂದೇ. ಮೊದಲು ನಾನು ಹಿಂದುಗಡೆ ಹೋದರೆ ಎಲೆಗಳ ಸುದ್ದಿ ಹೇಳಿ ನಗಿಸುತ್ತಿದ್ದಳು. ಈಗ ಎಲೆ ಬಿಡಿಸುತ್ತಾಳೆ, ಒಳಗೆ ನೋಡುತ್ತಾಳೆ, ಸುಮ್ಮನೆ ಕೆರೆದು ಹಾಕುತ್ತಾಳೆ. ನಾಲ್ಕೈದು ಮದುವೆ ಕಳೆಯುವವರೆಗೆ ನಾನೂ ಧೈರ್ಯ ಮಾಡಿ ಪಂಕ್ತಿಯಲ್ಲಿ ಕೂತೆ. ಬೇಡವೆಂದರೂ ಬಡಿಸುತ್ತಾರೆ, ಸೇರುವುದಿಲ್ಲ, ಬಿಟ್ಟೆ. ಮಡಚಲು ಕೈ ಹಾಕಿದರೆ ಬಾಗಿಲಲ್ಲಿ ಅವಳು ಬುಟ್ಟಿ ಹಿಡಿದು ನಿಂತಿರುತ್ತಾಳೆ. ಏನೂ ಅನ್ನುವುದಿಲ್ಲ, ಕಾಯುತ್ತಾಳೆ. ಕೊನೆಗೆ ನಾನೇ ಸೋತೆ. ಐನೂರು ಜನರಿಗೆ ಇಪ್ಪತ್ತೆರಡು ಐಟಮ್ಮಿನ ಊಟ ಹಾಕಿಸುವ ಮ್ಯಾನೇಜರು ಈಗ ಮನೆಯಿಂದ ಬುತ್ತಿ ತರುತ್ತೇನೆ. ಹೆಂಡತಿ “ಮದ್ವೆ ಊಟ ಬಿಟ್ಟು ಉಪ್ಪಿಟ್ಟು ಕೇಳ್ತೀರಲ್ಲ, ಏನಾಗಿದೆ ನಿಮಗೆ?” ಅಂತ ಹಣೆ ಮುಟ್ಟಿ ನೋಡಿದಳು. ಹೊಟ್ಟೆಗೆ ಆಗುವುದಿಲ್ಲ ಕಣೇ ಅಂದೆ. ಆಫೀಸಿನ ಬಾಗಿಲು ಹಾಕಿಕೊಂಡು ಡಬ್ಬಿ ಬಿಚ್ಚುತ್ತೇನೆ. ಉಪ್ಪಿಟ್ಟು ಮಿಕ್ಕರೆ ಮುಚ್ಚಳ ಒ‍ತ್ತಿ ಬ್ಯಾಗಿನ ತಳಕ್ಕೆ ಹಾಕಿಕೊಂಡು, ಸಂಜೆ ಪುಟ್ಟಮ್ಮ ಹೆಬ್ಬೂರಿನ ಬಸ್ಸು ಹತ್ತಿದ್ದನ್ನು ನೋಡಿದ ಮೇಲೆ ನಾನೇ ತೊಳೆದುಕೊಳ್ಳುತ್ತೇನೆ.